ಬರ್ತೇನೆ ಅಂದವರ ಲೆಕ್ಕ

(ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಮಾಡಿದ ಆಶಯ ಭಾಷಣದ ಬರಹ ರೂಪ)



ಅಧ್ಯಕ್ಷರು ಫೋನ್ ಮಾಡಿ "ಈ ವರ್ಷದ ಆಶಯ ಭಾಷಣ ನಿಮ್ಮದು" ಎಂದಾಗ ನಾನು ಎರಡು ದಿನ ಸಮಯ ಕೇಳಿದೆ. ನಾನು ಸಾಹಿತಿಯಲ್ಲ, ಚಾರ್ಟರ್ಡ್ ಅಕೌಂಟೆಂಟ್. 2018ರಲ್ಲಿ ಇಲ್ಲಿ ಶೇಕಡಾ 5ರ ವ್ಯಾಟ್ ಬಂದಾಗಿನಿಂದ ಜನ ಮದುವೆಯ ಊಟದ ಪಂಕ್ತಿಯಲ್ಲೂ ನನ್ನನ್ನು ತೆರಿಗೆಯ ಬಗ್ಗೆಯೇ ಕೇಳುತ್ತಾರೆ. 2023ರಲ್ಲಿ ಕಾರ್ಪೊರೇಟ್ ತೆರಿಗೆ ಬಂದ ಮೇಲಂತೂ ಪಾಯಸ ಬಡಿಸುವವರೆಗೂ ಬಿಡುವುದಿಲ್ಲ. ಇವತ್ತು ಆ ಮಾತು ಬೇಡ. ನನಗೆ ಲೆಕ್ಕ ಕಲಿಸಿದ ಕೆಲವು ಮಕ್ಕಳ ಬಗ್ಗೆ ಹೇಳುತ್ತೇನೆ.

ಮೊದಲೇ ಎರಡು ವಿಷಯ ಸ್ಪಷ್ಟಪಡಿಸುತ್ತೇನೆ. ಒಂದು, ನಾನು ದುಡ್ಡು ಕೇಳಲು ನಿಂತಿಲ್ಲ. ಇಲ್ಲಿನ ಕಾನೂನಿನ ಪ್ರಕಾರ ಪರವಾನಗಿ ಇಲ್ಲದವರು ದೇಣಿಗೆ ಸಂಗ್ರಹಿಸುವಂತಿಲ್ಲ, ಹಾಗಾಗಿ ನಿಮ್ಮ ಪರ್ಸು ಕ್ಷೇಮ. ಎರಡು, ಈ ಪರದೆಯ ಮೇಲೆ ನೀವು ಒಂದು ಫೋಟೋವನ್ನೂ ನೋಡುವುದಿಲ್ಲ, ಒಂದು ಮಗುವಿನ ಹೆಸರನ್ನೂ ಕೇಳುವುದಿಲ್ಲ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇಂಥ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಕಾನೂನು ಇರದಿದ್ದರೂ ನಾನು ಹೇಳುತ್ತಿರಲಿಲ್ಲ. ಯಾಕೆ ಎಂಬುದು ಮಾತು ಮುಗಿಯುವಾಗ ನಿಮಗೇ ತಿಳಿಯುತ್ತದೆ.

ನಾನು ಉಡುಪಿ ಕಡೆಯವನು. 2007ರಲ್ಲಿ ದುಬೈಗೆ ಬಂದೆ. ಮಗಳಿಗೆ ಆಗ ಒಂದು ವರ್ಷ. ಮನೆ ಬಾಡಿಗೆ, ವೀಸಾ, ಶಾಲೆಯ ಶುಲ್ಕ ಎಲ್ಲ ಕೂಡಿಸಿ ನೋಡಿದರೆ ಸಂಸಾರ ಕರೆತರುವ ಸಂಬಳ ನನ್ನದಾಗಿರಲಿಲ್ಲ. ಇಲ್ಲಿ ಕುಳಿತ ಅನೇಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2014ರಲ್ಲಿ ಹೆಂಡತಿ, ಮಗಳು ಬಂದರು. 2020ರಲ್ಲಿ ಕೊರೊನಾ ಬಂತು. ನಾನಿದ್ದ ಕಂಪನಿಯಲ್ಲಿ ಹಣಕಾಸು ವಿಭಾಗವನ್ನು ಅರ್ಧಕ್ಕೆ ಇಳಿಸಿದರು. ಇಳಿದ ಅರ್ಧದಲ್ಲಿ ನಾನೂ ಇದ್ದೆ. ಜೂನ್‌ನಲ್ಲಿ ಮೂವರೂ ವಂದೇ ಭಾರತ್ ವಿಮಾನದಲ್ಲಿ ಊರಿಗೆ ಹೋದೆವು. ಹದಿಮೂರು ವರ್ಷದ ದುಡಿಮೆಯ ಬಳಿಕ, ಬೆಳಿಗ್ಗೆ ಎದ್ದರೆ ಹೋಗಲು ಜಾಗವಿಲ್ಲದ ಮನುಷ್ಯನಾಗಿದ್ದೆ.

ಆಗಸ್ಟ್‌ನಲ್ಲಿ ಪಕ್ಕದ ಊರಿನ ಒಂದು ಮಕ್ಕಳ ಮನೆಯಿಂದ ಫೋನ್ ಬಂತು. ಕ್ರೈಸ್ತರು ನಡೆಸುವ ಮನೆ. ಒಬ್ಬರು ಫಾದರ್ ನಿರ್ದೇಶಕರು, ಇಬ್ಬರು ಸಿಸ್ಟರ್, ಒಬ್ಬ ಅಡುಗೆಯಮ್ಮ, ಒಬ್ಬ ವಾಚ್‌ಮನ್. ಅಲ್ಲಿನ ಹಿರಿಯ ಸಿಸ್ಟರ್ ನನ್ನ ಅತ್ತಿಗೆಯ ಸಹಪಾಠಿ. "ನೀವು ಖಾಲಿ ಇದ್ದೀರಂತಲ್ಲ" ಎಂದರು. ಆ ಮಾತು ಸ್ವಲ್ಪ ಚುಚ್ಚಿತು. "ಒಮ್ಮೆ ಬಂದು ನಮ್ಮ ಪುಸ್ತಕ ನೋಡ್ತೀರಾ? ಬರೆಯುವವರು ಬಿಟ್ಟುಹೋಗಿದ್ದಾರೆ, ಆಡಿಟ್ ಹತ್ತಿರ ಬಂದಿದೆ ಮಾರಾಯ್ರೆ."

ನಾನು ಕ್ರೈಸ್ತನಲ್ಲ. ಹೋಗುತ್ತೇನೆ ಎಂದಾಗ ಸಂಬಂಧಿಕರೊಬ್ಬರು "ಅಲ್ಲಿ ಮಕ್ಕಳನ್ನು ಮತಾಂತರ ಮಾಡ್ತಾರಂತೆ, ನಿನಗೆ ಯಾಕೆ ಬೇಕಿತ್ತು?" ಎಂದರು. ಆಡಿಟರ್‌ಗೆ ಗಾಳಿಮಾತು ಸಾಕ್ಷ್ಯವಲ್ಲ. ಹೋಗಿ ನೋಡೋಣ ಎಂದುಕೊಂಡೆ. ನೋಡಿದ್ದನ್ನು ಹೇಳುತ್ತೇನೆ. ಸಂಜೆ ಪ್ರಾರ್ಥನೆ ಇತ್ತು, ಊಟಕ್ಕೆ ಮೊದಲು ಪ್ರಾರ್ಥನೆ ಇತ್ತು. ಮಕ್ಕಳಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು, ಕ್ರೈಸ್ತರಿದ್ದರು. ಒಬ್ಬ ಹುಡುಗನ ತಗಡಿನ ಪೆಟ್ಟಿಗೆಯಲ್ಲಿ ಅಜ್ಜಿ ಕೊಟ್ಟ ವಿಭೂತಿಯ ಉಂಡೆ ಇತ್ತು. ಬೆಳಿಗ್ಗೆ ಸ್ನಾನ ಮಾಡಿ ಹಚ್ಚಿಕೊಂಡೇ ಗಂಜಿಗೆ ಬರುತ್ತಿದ್ದ. ಸಿಸ್ಟರ್ ಆ ಪೆಟ್ಟಿಗೆಯನ್ನು ಮಳೆಗಾಲದಲ್ಲಿ ತೇವ ಆಗದ ಕಡೆ ಇಡಿಸಿದ್ದರು. ಎಲ್ಲ ಮನೆಗಳೂ ಹೀಗೆಯೇ ಎಂದು ಪ್ರಮಾಣಪತ್ರ ಕೊಡಲಾರೆ. ನಾನು ಪರಿಶೀಲಿಸಿದ್ದು ಒಂದೇ ಮನೆ.

ಅಲ್ಲಿ ನಾನು ಕಲಿತ ಮೊದಲ ಪಾಠ ಒಂದು ಶಬ್ದದ್ದು. ನಾವೆಲ್ಲ ಸುಲಭವಾಗಿ "ಅನಾಥಾಶ್ರಮ" ಎನ್ನುತ್ತೇವೆ. ನಾನೂ ಫೋನಿನಲ್ಲಿ ಹಾಗೇ ಹೇಳುತ್ತಿದ್ದೆ. ವಿಭೂತಿಯ ಆ ಹುಡುಗ, ಹನ್ನೊಂದು ವರ್ಷದವನು, ಕಿಟಕಿಯಾಚೆ ನಿಂತು ಕೇಳಿಸಿಕೊಂಡಿದ್ದ. "ಸರ, ನಾ ಅನಾಥ ಅಲ್ರಿ. ನಮ್ಮವ್ವ ಅದಾಳ" ಎಂದ. ಅವನು ಬಯಲುಸೀಮೆಯವನು. ತಾಯಿ ಕಟ್ಟಡ ಕೆಲಸಕ್ಕೆ ಕರಾವಳಿಗೆ ಬಂದವಳು. ಶೆಡ್ಡಿನಲ್ಲಿ ವಾಸ, ಇವತ್ತು ಇಲ್ಲಿ, ಆರು ತಿಂಗಳ ಮೇಲೆ ಇನ್ನೊಂದು ಊರಿನ ಸೈಟು. ಮಗನನ್ನು ಶಾಲೆಗೆ ಹಾಕಲು ಆಗದೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದಿದ್ದಳು. ಸಮಿತಿಯ ಆದೇಶದಂತೆ ಅವನು ಈ ಮನೆಯಲ್ಲಿದ್ದ.

ಕಡತ ತೆಗೆದು ನೋಡಿದೆ. ಒಟ್ಟು 46 ಮಕ್ಕಳು. ತಂದೆ-ತಾಯಿ ಇಬ್ಬರೂ ಇಲ್ಲದವರು ಐದು ಜನ ಮಾತ್ರ. ಉಳಿದ 41 ಮಕ್ಕಳಿಗೆ ಅಪ್ಪನೋ ಅಮ್ಮನೋ ಎಲ್ಲೋ ಇದ್ದರು. ಬಡತನ, ಕುಡಿತ, ಕಾಯಿಲೆ, ದೂರದ ದುಡಿಮೆ, ಕಾರಣಗಳು ಬೇರೆ ಬೇರೆ. ಅದರಲ್ಲಿ ಇಬ್ಬರು ಅಣ್ಣ-ತಮ್ಮಂದಿರ ತಾಯಿ ಗಲ್ಫಿನಲ್ಲಿ ಮನೆಗೆಲಸಕ್ಕಿದ್ದಳು. ನಮ್ಮ ಹಾಗೆಯೇ ವಿಮಾನ ಹತ್ತಿದವಳು. ಆಕೆ ಕಳಿಸುವ ಹಣದಲ್ಲಿ ಮಕ್ಕಳ ಅಜ್ಜಿಯ ಔಷಧಿ ನಡೆಯುತ್ತಿತ್ತು. ಆವತ್ತಿನಿಂದ ನಾನು "ಮಕ್ಕಳ ಮನೆ" ಎಂದೇ ಹೇಳುತ್ತೇನೆ. ನೀವೂ ಹಾಗೆ ಹೇಳಿ ಎಂದು ಕೇಳಿಕೊಳ್ಳುತ್ತೇನೆ.

ಕೊರೊನಾ ಬಂದಾಗ ಸಮಿತಿ ಸಾಧ್ಯವಿದ್ದ ಮಕ್ಕಳನ್ನೆಲ್ಲ ಕುಟುಂಬಕ್ಕೆ ಕಳಿಸಿತ್ತು. 27 ಮಕ್ಕಳು ಊರಿಗೆ ಹೋಗಿದ್ದರು. ಕಳಿಸಲು ಜಾಗವಿಲ್ಲದ 19 ಮಕ್ಕಳು ಉಳಿದಿದ್ದರು. ನನಗೆ ಹೊರಗಿನ ಜಗಲಿಯಲ್ಲಿ ಒಂದು ಮೇಜು ಹಾಕಿಕೊಟ್ಟರು. ಒಳಗೆ ಪ್ರವೇಶವಿಲ್ಲ, ಮಾಸ್ಕ್ ತೆಗೆಯುವಂತಿಲ್ಲ. ಪೊಲೀಸ್ ದೃಢೀಕರಣವಾಗುವವರೆಗೆ ಮಕ್ಕಳ ಜೊತೆ ಮಾತೂ ಸಿಸ್ಟರ್ ಎದುರಿಗೇ. ಮೊದಲು ಅವಮಾನ ಎನಿಸಿತು. "ಉಪಕಾರಕ್ಕೆ ಬಂದವನಿಗೆ ಇದೇನು?" ಎಂದು. ಆಮೇಲೆ ಯೋಚಿಸಿದೆ. ಕಂಪನಿಯ ಲಾಕರ್ ಬೀಗಕ್ಕೆ ಎರಡು ಕೀ ಇರಬೇಕು ಎಂದು ಹಟ ಹಿಡಿಯುವವನು ನಾನು. ಮಕ್ಕಳ ಮನೆಗೆ ಅದಕ್ಕಿಂತ ಕಡಿಮೆ ಕಟ್ಟುನಿಟ್ಟು ಸಾಕೇ? ಯಾರು ಬೇಕಾದರೂ ನೇರ ಒಳಗೆ ಹೋಗಬಹುದಾದ ಮನೆ ನಿಮಗೆ ಸಿಕ್ಕರೆ ಸಂತೋಷಪಡಬೇಡಿ, ಅನುಮಾನಪಡಿ.

ಲೆಕ್ಕದ ಪುಸ್ತಕ ತೆರೆದೆ. ಸೆಪ್ಟೆಂಬರ್‌ನಲ್ಲಿ ಸರ್ಕಾರ ವಿದೇಶಿ ದೇಣಿಗೆಯ ಕಾಯ್ದೆಗೆ, ಅಂದರೆ ಎಫ್‌ಸಿಆರ್‌ಎಗೆ, ತಿದ್ದುಪಡಿ ತಂದಿತು. ವಿದೇಶದಿಂದ ಬರುವ ಹಣ ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ಒಂದು ಸಂಸ್ಥೆ ತಾನು ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ ಎಂದಾಯಿತು. ಈ ಕೊನೆಯ ಮಾತು ಆ ಮನೆಗೆ ಪೆಟ್ಟು ಕೊಟ್ಟಿತು. ಅವರಿಗೆ ಬರುತ್ತಿದ್ದ ಹಣದ ದೊಡ್ಡ ಪಾಲು ಇನ್ನೊಂದು ಸಂಸ್ಥೆಯ ಮೂಲಕ ಬರುತ್ತಿತ್ತು. ಆ ಕಾಲುವೆ ಒಂದೇ ದಿನ ಮುಚ್ಚಿತು. ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಜಗಲಿಯ ಮೇಜಿನ ಮೇಲೆ ನನಗಿದ್ದ ಪ್ರಶ್ನೆ ಒಂದೇ: ಅಕ್ಟೋಬರ್‌ನಲ್ಲಿ ಅಡುಗೆಯಮ್ಮನ ಸಂಬಳ ಎಲ್ಲಿಂದ?

ಸ್ಥಳೀಯ ದಾನಿಗಳು ಯಾರಿದ್ದಾರೆ ಎಂದು ಹಿಂದಿನ ವರ್ಷದ, ಅಂದರೆ 2019ರ, ಸಂದರ್ಶಕರ ಪುಸ್ತಕ ತರಿಸಿದೆ. ಅಭ್ಯಾಸಬಲದಿಂದ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತ ಎಣಿಸಿದೆ. ವರ್ಷದಲ್ಲಿ 71 ತಂಡಗಳು ಬಂದಿದ್ದವು. ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಸ್ವಾತಂತ್ರ್ಯ ದಿನ, ಕ್ರಿಸ್ಮಸ್. ಅದರಲ್ಲಿ ಗಲ್ಫಿನಿಂದ ರಜೆಗೆ ಬಂದ ಕುಟುಂಬಗಳೂ ಇದ್ದವು. ತಂದದ್ದರ ಪಟ್ಟಿಯಲ್ಲಿ 38 ಕೇಕುಗಳು. ಒಂದೇ ಭಾನುವಾರ ಮೂರು ಕಡೆಯ ಬಿರಿಯಾನಿ. ಮೆಸ್ಕಾಂ ಬಿಲ್ಲು ಕಟ್ಟಿದವರು ಒಬ್ಬರೂ ಇಲ್ಲ. ಹಲ್ಲುನೋವಿನ ಹುಡುಗನನ್ನು ದಂತ ವೈದ್ಯರ ಹತ್ತಿರ ಕರೆದೊಯ್ದವರು ಇಲ್ಲ. "ಅಭಿಪ್ರಾಯ" ಎಂಬ ಕಾಲಮ್ಮಿನಲ್ಲಿ ಹೆಚ್ಚು ಕಡಿಮೆ ಎಲ್ಲರೂ ಒಂದೇ ಮಾತು ಬರೆದಿದ್ದರು: ತುಂಬ ಸಂತೋಷವಾಯಿತು, ಮತ್ತೆ ಬರುತ್ತೇವೆ.

ಎರಡನೇ ಸಲ ಬಂದವರು ಎಷ್ಟು ಎಂದು ಎಣಿಸಿದೆ. ಆರು.

ನಾನಾಗ ಒಂದು ಪಟ್ಟಿ ಮಾಡಿದೆ. ಅಕ್ಕಿ, ಗ್ಯಾಸ್, ಸೋಪು, ಚಪ್ಪಲಿ, ಔಷಧಿ, ಕರೆಂಟು, ಅಡುಗೆಯಮ್ಮನ ಸಂಬಳ, ತಿಂಗಳಿಗೆ ಇಷ್ಟಿಷ್ಟು ಎಂದು. ಆ ಆರು ಕುಟುಂಬಗಳಿಗೂ ಊರಿನ ಕೆಲವರಿಗೂ ಫಾದರ್ ಕೈಯಿಂದ ಪತ್ರ ಹೋಯಿತು. "ಕೇಕು ಬೇಡ, ಈ ಪಟ್ಟಿಯಲ್ಲಿ ಒಂದು ಸಾಲನ್ನು ಒಂದು ವರ್ಷಕ್ಕೆ ನಿಮ್ಮದಾಗಿ ಮಾಡಿಕೊಳ್ಳಿ." ಊರಿನ ಅಕ್ಕಿ ಮಿಲ್ಲಿನವರು ಅಕ್ಕಿಯ ಸಾಲು ಹಿಡಿದರು. ನಿವೃತ್ತ ಮೇಷ್ಟ್ರೊಬ್ಬರು ಕರೆಂಟು. ಡಿಸೆಂಬರ್ ಹೊತ್ತಿಗೆ ಹದಿನಾಲ್ಕು ಸಾಲಿನಲ್ಲಿ ಹನ್ನೊಂದು ತುಂಬಿದವು. ನನ್ನ ವೃತ್ತಿಯಲ್ಲಿ ಕೋಟಿಗಳ ಬಜೆಟ್ ಮಾಡಿದ್ದೇನೆ. ಅಷ್ಟು ಸಮಾಧಾನ ಕೊಟ್ಟ ಬಜೆಟ್ ಅದೊಂದೇ.

ಈ ನಡುವೆ ದೃಢೀಕರಣ ಮುಗಿದು ಮಕ್ಕಳ ಜೊತೆ ಕೂರಲು ಅನುಮತಿ ಸಿಕ್ಕಿತ್ತು. ಶಾಲೆ ಮುಚ್ಚಿತ್ತು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ಹತ್ತೊಂಬತ್ತು ಮಕ್ಕಳಿಗೆ ಒಂದು ಟಿವಿ. ವಿಭೂತಿಯ ಹುಡುಗ ಮಾತ್ರ ಟಿವಿ ಬಿಟ್ಟು ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದ. "ಇದ್ಯಾಕ ಸರ ಎರಡೂ ಕಡಿ ಬರೀತೀರಿ?" ಎಂದ. ನಗದು ಪುಸ್ತಕ ತೋರಿಸಿದೆ. "ಬಂದದ್ದು ಎಡಗಡೆ, ಹೋದದ್ದು ಬಲಗಡೆ. ತಿಂಗಳ ಕೊನೆಗೆ ಎರಡನ್ನೂ ಕೂಡಿಸಿ ಉಳಿದದ್ದು ಪೆಟ್ಟಿಗೆಯಲ್ಲಿ ಇದೆಯೋ ಇಲ್ಲವೋ ನೋಡಬೇಕು." ಅವನಿಗೆ ಒಂದು ಉದ್ದ ಪುಸ್ತಕ ತಂದುಕೊಟ್ಟೆ. ಒಂದು ವಾರದಲ್ಲಿ ಕೋಳಿಗೂಡಿನ ಮೊಟ್ಟೆಯ ಲೆಕ್ಕ ಎಡ-ಬಲದಲ್ಲಿ ಸರಿಯಾಗಿ ಬರೆದಿದ್ದ. ಎರಡು ಮೊಟ್ಟೆ ಕಡಿಮೆ ಬಂದಾಗ ನೇರ ಅಡುಗೆಯಮ್ಮನನ್ನು ಹೋಗಿ ಕೇಳಿದ. ಅವರು ಅವನಿಗೆ "ಆಡಿಟರ್" ಎಂದು ಹೆಸರಿಟ್ಟರು. ನಾನೂ ಇನ್ನು ಮೇಲೆ ಹಾಗೆಯೇ ಕರೆಯುತ್ತೇನೆ.

ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ಬಂತು. ಮಂಗಳೂರು, ಉಡುಪಿಯವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ಕನ್ಯಾ ಮರಿಯಮ್ಮನ ಹುಟ್ಟುಹಬ್ಬ, ಜೊತೆಗೆ ಹೊಸ ತೆನೆಯ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ಅರ್ಪಿಸುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ಆವತ್ತು ಮೀನು, ಮಾಂಸ ಇಲ್ಲ, ಬಾಳೆ ಎಲೆಯಲ್ಲಿ ತರಕಾರಿ ಊಟ. ನಮ್ಮ ಮನೆಗಳಲ್ಲಿ ಕದಿರು ಕಟ್ಟುವುದು, ಹೊಸ ಅಕ್ಕಿ ಊಟ ಮಾಡುವುದು ಇದೆಯಲ್ಲ, ಅದರ ಅಕ್ಕನೋ ತಂಗಿಯೋ ಇದು.

ಸಿಸ್ಟರ್ ಕಾಳು ಸುಲಿಯುತ್ತಿದ್ದಾಗ ಆಡಿಟರ್ ಕೇಳಿದ: "ಊರಿಗೆ ಹೋದೋರ ಪಾಲು?" ಸಿಸ್ಟರ್ ಹೇಳಿದರು, ದೂರದೂರಲ್ಲಿ, ಪರದೇಶದಲ್ಲಿ ಇರುವವರಿಗೆ ಕಾಳನ್ನು ಕಾಗದದಲ್ಲಿ ಕಟ್ಟಿ ಅಂಚೆಯಲ್ಲಿ ಕಳಿಸುವ ಪದ್ಧತಿ ಉಂಟು ಎಂದು. ಅಷ್ಟು ಸಾಕಾಯಿತು. ಹತ್ತೊಂಬತ್ತು ಮಕ್ಕಳು ಕುಳಿತು ಹಳೇ ಕ್ಯಾಲೆಂಡರ್ ಹರಿದು 27 ಪೊಟ್ಟಣ ಮಾಡಿದರು. ಒಂದೊಂದರ ಮೇಲೆ ಒಂದೊಂದು ಹೆಸರು, ಒಳಗೆ ನಾಲ್ಕು ನಾಲ್ಕು ಕಾಳು. ವಿಳಾಸ ಗೊತ್ತಿಲ್ಲದವರದ್ದು ಒಂದು ಬಿಸ್ಕತ್ತಿನ ಡಬ್ಬಿಗೆ ಹೋಯಿತು, ಬಂದಾಗ ಕೊಡಲು. ಆ ಮಕ್ಕಳ ಜೊತೆ ದಿನಾ ಜಗಳವಾಡುತ್ತಿದ್ದವರೇ ಇವರು. ಆದರೂ ಇಲ್ಲದವರ ಪಾಲು ತೆಗೆದಿಡದೆ ಯಾರೂ ಚಮಚ ಮುಟ್ಟಲಿಲ್ಲ.

ಆವತ್ತು ಊಟದ ಮೇಲೆ ಆಡಿಟರ್ ನನ್ನ ಮಗಳ ಬಗ್ಗೆ ಕೇಳಿದ. "ನೀವು ದುಬೈನಾಗ ಇದ್ದಾಗ ಆಕಿ ಎಲ್ಲಿದ್ಲು?"

"ಮೊದಮೊದಲು ಇಲ್ಲೇ, ಅಜ್ಜಿ ಮನೆಯಲ್ಲಿ, ಅಮ್ಮನ ಜೊತೆ."

"ಎಷ್ಟು ವರ್ಷ?"

"ಏಳು."

ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಹಂಗಾರ ಆಕಿನೂ ನಮ್ಮಂಗನ. ಆದ್ರ ಆಕಿಗೆ ಅವ್ವ ಇದ್ಲು."

ಅವನು ನನ್ನನ್ನು ನೋಯಿಸಲು ಹೇಳಿದ್ದಲ್ಲ. ಇದ್ದದ್ದು ಎಡಗಡೆ, ಇಲ್ಲದ್ದು ಬಲಗಡೆ ಬರೆದ, ಅಷ್ಟೆ. ಏಳು ವರ್ಷ ನಾನು ಕಳಿಸಿದ ಹಣದ ಒಂದೊಂದು ರಸೀದಿಯನ್ನೂ ಫೈಲು ಮಾಡಿದ್ದೇನೆ. ಆ ಏಳು ವರ್ಷದಲ್ಲಿ "ಈ ಸಲ ಖಂಡಿತ ಬರ್ತೇನೆ" ಎಂದು ಎಷ್ಟು ಸಲ ಹೇಳಿ ಬರಲಿಲ್ಲ ಎಂಬುದಕ್ಕೆ ನನ್ನಲ್ಲಿ ಯಾವ ಫೈಲೂ ಇರಲಿಲ್ಲ.

ಇನ್ನೊಬ್ಬ ಹುಡುಗನ ಮಾತು ಹೇಳಬೇಕು. 2021ರಲ್ಲಿ ಎಸ್ಸೆಸ್ಸೆಲ್ಸಿ ಬರೆದವನು. ನಿಮಗೆ ನೆನಪಿರಬಹುದು, ಆ ವರ್ಷ ಪರೀಕ್ಷೆ ಎರಡೇ ದಿನ, ಜುಲೈ 19 ಮತ್ತು 22, ಎಲ್ಲವೂ ಟಿಕ್ ಮಾಡುವ ಪ್ರಶ್ನೆಗಳು. ಗಣಿತದಲ್ಲಿ ಚುರುಕು. ನಾನು ಅವನ ಹಿಂದೆ ಬಿದ್ದೆ, "ಕಾಮರ್ಸ್ ತಗೋ, ಸಿಎ ಮಾಡು, ನಾನು ದಾರಿ ತೋರಿಸ್ತೇನೆ." ಅವನು ತುಂಬ ಗೌರವದಿಂದ ಕೇಳಿದ: "ಸಿಎ ಮುಗಿಯಲಿಕ್ಕೆ ಎಷ್ಟು ವರ್ಷ ಸರ್?" ಪಿಯುಸಿ ಎರಡು, ಆಮೇಲೆ ಇಂಟರ್, ಮೂರು ವರ್ಷ ಆರ್ಟಿಕಲ್‌ಶಿಪ್, ಫೈನಲ್. "ಎಲ್ಲ ಸರಿ ಹೋದರೆ ಏಳು ವರ್ಷ."

"ನನಗೆ ಈಗ ಹದಿನಾರು. ಹದಿನೆಂಟು ಆದ ಮೇಲೆ ನಾನು ಇಲ್ಲಿ ಇರುವ ಹಾಗಿಲ್ಲ. ಉಳಿದ ಐದು ವರ್ಷ ಎಲ್ಲಿ ಮಲಗುವುದು?"

ಇಪ್ಪತ್ತು ವರ್ಷದ ಅನುಭವದ ಸಿಎಗೆ ಹೊಳೆಯದ ಖರ್ಚಿನ ಬಾಬತ್ತು ಆ ಹುಡುಗನಿಗೆ ಹೊಳೆದಿತ್ತು. ಹದಿನೆಂಟಾದವರಿಗೆ ಇಪ್ಪತ್ತೊಂದರವರೆಗೆ ಅನುಪಾಲನೆ ಎಂಬ ವ್ಯವಸ್ಥೆ ಕಾಯ್ದೆಯಲ್ಲಿ ಇದೆ. ಆದರೆ ಬಾಡಿಗೆ ಮನೆಯ ಮಾಲೀಕರು ಕಾಯ್ದೆ ಓದಿ ಕೋಣೆ ಕೊಡುವುದಿಲ್ಲ. ಅವನು ಐಟಿಐಗೆ ಸೇರಿದ, ಎಲೆಕ್ಟ್ರಿಷಿಯನ್, ಎರಡು ವರ್ಷ. ಹದಿನೆಂಟಕ್ಕೆ ಕೈಯಲ್ಲಿ ಕಸುಬಿತ್ತು. ಈಗಲೂ ಆ ಮನೆಯ ಫ್ಯಾನು ಕೆಟ್ಟರೆ ಅವನೇ ಬಂದು ಬಿಚ್ಚುತ್ತಾನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ನಮ್ಮ ಕನಸನ್ನು ಆ ಮಕ್ಕಳಿಗೆ ಹೊಲಿಸಿ ತೊಡಿಸುವ ಮೊದಲು ಅವರ ಅಳತೆ ತೆಗೆದುಕೊಳ್ಳಬೇಕು. ಇದು ನಾನು ಕಲಿತ ಇನ್ನೊಂದು ಪಾಠ.

2021ರ ಆಗಸ್ಟ್‌ನಲ್ಲಿ ನನಗೆ ಮತ್ತೆ ಇಲ್ಲಿ ಕೆಲಸ ಸಿಕ್ಕಿತು. ಮಗಳದು ಹತ್ತನೇ ತರಗತಿ, ಹಾಗಾಗಿ ಹೆಂಡತಿ-ಮಗಳು ಊರಲ್ಲೇ ಉಳಿದರು. ಮಕ್ಕಳ ಮನೆಯಲ್ಲಿ ಬೀಳ್ಕೊಡುಗೆ ಮಾಡಿದರು. ಊರಿಗೆ ಹೋಗಿದ್ದವರಲ್ಲಿ ಕೆಲವರು ವಾಪಸು ಬಂದಿದ್ದರು. ಎಲ್ಲರ ಎದುರಿಗೆ ನಿಂತು ಹೇಳಿದೆ: "ಪ್ರತಿ ಶನಿವಾರ ಸಂಜೆ ಫೋನ್ ಮಾಡ್ತೇನೆ. ಕ್ರಿಸ್ಮಸ್‌ಗೆ ಬರ್ತೇನೆ." ಯಾರೂ ನನ್ನನ್ನು ಕೇಳಿರಲಿಲ್ಲ. ನಾನಾಗಿಯೇ ಹೇಳಿದ್ದು. ಚಪ್ಪಾಳೆ ಬಿತ್ತು.

ಆರು ಶನಿವಾರ ಫೋನ್ ಮಾಡಿದೆ. ಏಳನೆಯದಕ್ಕೆ ತಿಂಗಳ ಕ್ಲೋಸಿಂಗ್. ಎಂಟನೆಯದಕ್ಕೆ ಸುಸ್ತು. ಆಮೇಲೆ, ಇಷ್ಟು ದಿನ ಬಿಟ್ಟು ಈಗ ಮಾಡಿದರೆ ಏನೆಂದುಕೊಂಡಾರು ಎಂಬ ಸಂಕೋಚ. ಡಿಸೆಂಬರ್‌ನಲ್ಲಿ ವರ್ಷಾಂತ್ಯದ ಲೆಕ್ಕ, ಹೊಸ ಕೆಲಸ, ರಜೆ ಇಲ್ಲ. ಸಿಸ್ಟರ್‌ಗೆ ಒಂದು ಸಂದೇಶ ಕಳಿಸಿದೆ, ಜೊತೆಗೆ ಸ್ವಲ್ಪ ಹಣ. ಹಣ ಕಳಿಸಿದ ಮೇಲೆ ಮನಸ್ಸು ಹಗುರಾಯಿತು. ಬಂಧುಗಳೇ, ಈ ಹಗುರವೇ ನಮ್ಮ ಕಾಯಿಲೆ. ಗಲ್ಫಿನಲ್ಲಿ ದುಡಿಯುವ ನಮಗೆಲ್ಲ ಇದರ ಪರಿಚಯ ಇದೆ. ಬರಲಾಗದಿದ್ದಾಗ ಕಳಿಸುತ್ತೇವೆ, ಕಳಿಸಿದ ಮೇಲೆ ಬಂದಷ್ಟೇ ಎಂದುಕೊಳ್ಳುತ್ತೇವೆ.

ಕೊನೆಗೆ ಹೋದದ್ದು 2022ರ ಡಿಸೆಂಬರ್‌ನಲ್ಲಿ. ಅಂಗಳದಲ್ಲಿ ಗೋದಲಿ ಕಟ್ಟುತ್ತಿದ್ದರು. ಅಡುಗೆಮನೆಯಿಂದ ಕುಸ್ವಾರ್ ಕರಿಯುವ ವಾಸನೆ. ಆಡಿಟರ್ ನನ್ನಷ್ಟೇ ಎತ್ತರ ಬೆಳೆದಿದ್ದ. ಓಡಿ ಬರಲಿಲ್ಲ. "ಆರಾಮದೀರಾ ಸರ" ಎಂದ. ಒಳಗೆ ಹೋಗಿ ಆ ಉದ್ದ ಪುಸ್ತಕ ತಂದ. ಅದರ ನಡುವೆ ಕ್ಯಾಲೆಂಡರ್ ಕಾಗದದ ಒಂದು ಪೊಟ್ಟಣ. ಮೇಲೆ ನನ್ನ ಹೆಸರು. "ಹೋದ ವರ್ಷದ ಹಬ್ಬದ್ದು. ನಿಮ್ಮ ಪಾಲು. ವಿಳಾಸ ಗೊತ್ತಿರ್ಲಿಲ್ಲ." ನಾಲ್ಕು ಕಾಳು, ಒಂದಕ್ಕೆ ಹುಳು ಹಿಡಿದಿತ್ತು.

ಪೊಟ್ಟಣ ಇದ್ದ ಪುಟ ತೆರೆದೇ ಇತ್ತು. ಎಡಗಡೆ ತಲೆಬರಹ: ಬರ್ತೀನಿ ಅಂದೋರು. ಬಲಗಡೆ: ಬಂದೋರು. ಎಡಗಡೆ ಹೆಸರು, ತಾರೀಖು, ಏನು ಹೇಳಿದರು ಎಂಬುದು. ಕೇಕು ತಂದವರು, ಶೂ ಕೊಡಿಸುತ್ತೇವೆ ಎಂದವರು, ಬೇಸಿಗೆಗೆ ಕರೆದೊಯ್ಯುತ್ತೇವೆ ಎಂದವರು. ಮೊದಲ ಸಾಲು ಅವನ ಅವ್ವನದು. ಆಕೆಯ ಎದುರಿಗೆ ಬಲಗಡೆ ಹಲವು ತಾರೀಖುಗಳಿದ್ದವು, ತಡವಾಗಿ ಆದರೂ. ಕೆಳಗೆ ನಾನು. "ಶನಿವಾರ ಫೋನ್. ಕ್ರಿಸ್ಮಸ್‌ಗೆ ಬರ್ತಾರ." ಎದುರಿಗೆ ಆರು ಟಿಕ್. ಆಮೇಲೆ ಖಾಲಿ.

ನಾನೇ ಕಲಿಸಿದ ಪದ್ಧತಿ. ಒಂದು ತಪ್ಪೂ ಇರಲಿಲ್ಲ.

"ನನ್ನ ಲೆಕ್ಕ ಸರಿ ಇಲ್ಲ ಅಲ್ವಾ?" ಎಂದೆ. ಅವನು ಸಿಟ್ಟಾಗಲಿಲ್ಲ. ಪೆನ್ನು ತೆಗೆದು, "ಈಗ ಬಂದೀರಲ್ರಿ ಸರ, ಬರೀಲೇನು?" ಎಂದ. ಬಲಗಡೆ ಆವತ್ತಿನ ತಾರೀಖು ಬರೆದ. ಒಂದು ವರ್ಷ ತಡವಾದ ಬಾಕಿಯನ್ನು ಬಡ್ಡಿ ಕೇಳದೆ ಜಮಾ ಮಾಡಿಕೊಂಡ. ನಮ್ಮ ವೃತ್ತಿಯಲ್ಲಿ ಬಾಧ್ಯತೆ ಎಂಬ ಶಬ್ದವಿದೆ. ತೀರಿಸಬೇಕಾದದ್ದು ಎಂದರ್ಥ. ಮಗುವಿಗೆ ಕೊಟ್ಟ ಮಾತನ್ನು ನಾನು ಯಾವತ್ತೂ ಆ ಪಟ್ಟಿಯಲ್ಲಿ ಬರೆದಿರಲಿಲ್ಲ. ಅವನು ಬರೆದಿದ್ದ.

ಆವತ್ತು ರಾತ್ರಿ ಮನೆಯಲ್ಲಿ ಮಗಳಿಗೆ ಈ ಪುಸ್ತಕದ ಕತೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಅಪ್ಪ, ನಾನು ಬರೆದಿಟ್ಟಿರಲಿಲ್ಲ, ಅಷ್ಟೆ." ಆಮೇಲೆ ಒಂದೊಂದಾಗಿ ಹೇಳಿದಳು. ಎರಡನೇ ಕ್ಲಾಸಿನ ಶಾಲಾ ವಾರ್ಷಿಕೋತ್ಸವ, ಯಕ್ಷಗಾನದ ವೇಷ ಹಾಕಿದ್ದು, ಕೈಮುರಿದ ದಿನ. ತಾರೀಖು ಸಮೇತ.

ಬಂಧುಗಳೇ, ಹಾಗಾದರೆ ಮಾಡಬೇಕಾದ್ದೇನು? ಅಕೌಂಟೆಂಟ್ ಮಾತು ಮುಗಿಸುವಾಗ ಪಟ್ಟಿ ಕೊಡದಿದ್ದರೆ ಹೇಗೆ? ಕೊಡುತ್ತೇನೆ.

ರಜೆಗೆ ಊರಿಗೆ ಹೋದಾಗ ಇಂಥ ಮನೆಗೆ ಹೋಗುವ ಮನಸ್ಸಾದರೆ ಮೊದಲು ಫೋನ್ ಮಾಡಿ, "ಏನು ಬೇಕು?" ಎಂದು ಕೇಳಿ. ಆ ಮನೆ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ಕೇಳಿದ್ದಕ್ಕೆ ಬೇಸರಪಡದವರೇ ಒಳ್ಳೆಯ ನಿರ್ವಾಹಕರು. ಮೊಬೈಲನ್ನು ಕಾರಿನಲ್ಲಿ ಬಿಡಿ. ನಿಮ್ಮ ಮಗುವಿನ ಹುಟ್ಟುಹಬ್ಬದ ಫೋಟೋಗೆ ಇನ್ನೊಂದು ಮಗುವಿನ ಮುಖ ಹಿನ್ನೆಲೆ ಆಗಬಾರದು. ಹೆಸರು, ಫೋಟೋ ಬೇಡ ಎಂದು ನಾನು ಮೊದಲೇ ಹೇಳಿದ್ದು ಇದಕ್ಕೇ. ಅವರು ನಮ್ಮ ಔದಾರ್ಯದ ಸಾಕ್ಷಿಗಳಲ್ಲ.

ಹಣ ಕಳಿಸುವವರಿಗೆ ಒಂದು ಮಾತು. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕಳಿಸಿದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಮನೆ ಅದನ್ನು ಪಡೆದರೆ ತೊಂದರೆಗೆ ಸಿಲುಕುತ್ತದೆ. ಹಣದ ಜೊತೆ ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನೂ ಕೊಡಿ. ನಿಮ್ಮ ಒಳ್ಳೆಯ ಮನಸ್ಸು ಅವರ ಆಡಿಟ್‌ಗೆ ತಲೆನೋವಾಗದಿರಲಿ.

ಮಗುವನ್ನು ತಾಯಿಯ ಹತ್ತಿರವೇ ಉಳಿಸಲು ಸಾಧ್ಯವಿದ್ದರೆ ಅದೇ ಮೊದಲು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ನಿಮ್ಮೂರಿನಲ್ಲಿ ಅಂಥ ತಾಯಿ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಬಾಗಿಲು ತೋರಿಸಿ. ಅರ್ಜಿ ತುಂಬಿಕೊಡುವುದೂ ಸೇವೆಯೇ.

ಹದಿನೆಂಟು ದಾಟುವ ಹುಡುಗರಿಗೆ ನಾವು ಇಲ್ಲಿಂದಲೇ ಏನಾದರೂ ಮಾಡಬಹುದು. ನಮ್ಮಲ್ಲಿ ಫೋರ್‌ಮನ್‌ಗಳಿದ್ದೀರಿ, ನರ್ಸ್‌ಗಳಿದ್ದೀರಿ, ಎಸಿ ಮೆಕ್ಯಾನಿಕ್‌ಗಳಿದ್ದೀರಿ. ಯಾವ ಕಸುಬಿಗೆ ಯಾವ ಸರ್ಟಿಫಿಕೇಟು ಬೇಕು, ಯಾವ ಏಜೆಂಟ್ ಮೋಸಗಾರ, ಮೊದಲ ಸಂಬಳದಲ್ಲಿ ಎಷ್ಟು ಉಳಿಸಬೇಕು, ಇದನ್ನು ನಿಮಗಿಂತ ಚೆನ್ನಾಗಿ ಯಾರು ಹೇಳಬಲ್ಲರು? 2023ರ ಜನವರಿಯಿಂದ ನಾವು ನಾಲ್ಕು ಜನ ಇದನ್ನು ಮಾಡುತ್ತಿದ್ದೇವೆ. ತಿಂಗಳ ಎರಡನೇ ಶನಿವಾರ, ಇಲ್ಲಿಯ ಐದು ಗಂಟೆ, ಅಲ್ಲಿಯ ಆರೂವರೆ. ವಿಡಿಯೋದಲ್ಲಿ ಒಂದು ಗಂಟೆ, ಮನೆಯವರ ಅನುಮತಿಯಿಂದ, ಸಿಸ್ಟರ್ ಎದುರಿಗೇ. ಒಂದು ಗಂಟೆಗಿಂತ ಹೆಚ್ಚು ಕೊಡುತ್ತೇವೆ ಎಂದು ನಾವು ಹೇಳಿಲ್ಲ. ಹೇಳಿದಷ್ಟು ಮಾಡಲು ನೋಡುತ್ತೇವೆ. ನಾನು ಇಲ್ಲಿಯವರೆಗೆ ಎರಡು ಸಲ ತಪ್ಪಿದ್ದೇನೆ. ಎರಡೂ ಆಡಿಟರ್ ಪುಸ್ತಕದಲ್ಲಿ ಇವೆ.

ಕೊನೆಯದಾಗಿ. ಇಲ್ಲಿ ಕುಳಿತವರಲ್ಲಿ ಅನೇಕರ ಮಕ್ಕಳು ಊರಿನಲ್ಲಿದ್ದಾರೆ. ಅಜ್ಜಿಯ ಹತ್ತಿರ, ಹಾಸ್ಟೆಲಿನಲ್ಲಿ, ಅಮ್ಮನ ಹತ್ತಿರ. ಬಿಟ್ಟು ಬಂದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಬಾರದೆ ಇದ್ದಿದ್ದರೆ ಅಕ್ಕಿ ಎಲ್ಲಿಂದ ಬರುತ್ತಿತ್ತು ಎಂದು ನನಗೂ ಗೊತ್ತು. ಇಷ್ಟೇ ಕೇಳುತ್ತೇನೆ. ಇವತ್ತು ಊಟಕ್ಕೆ ಹೋಗುವ ಮೊದಲು ಮನೆಗೆ ಒಂದು ಫೋನ್ ಮಾಡಿ. ಈ ಸಲ "ಖಂಡಿತ ಬರ್ತೇನೆ" ಎನ್ನಬೇಡಿ. ಟಿಕೆಟ್ ಆಗಿದ್ದರೆ ತಾರೀಖು ಹೇಳಿ. ಆಗಿರದಿದ್ದರೆ, ಈ ಸಲ ಆಗುವುದಿಲ್ಲ ಮಗಾ, ಆದರೆ ಭಾನುವಾರ ಎಂಟು ಗಂಟೆಗೆ ಫೋನ್ ಮಾಡ್ತೇನೆ ಎನ್ನಿ. ಭಾನುವಾರ ಎಂಟು ಗಂಟೆಗೆ ಮಾಡಿ.

ಆ ನಾಲ್ಕು ಕಾಳು ಈಗಲೂ ನನ್ನ ಮೇಜಿನ ಮೇಲೆ ಪೊಟ್ಟಣದಲ್ಲೇ ಇವೆ, ಹುಳು ಹಿಡಿದದ್ದೂ ಸೇರಿ. ತಿಂಗಳ ಕ್ಲೋಸಿಂಗ್ ಸಮಯದಲ್ಲಿ ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಂಡಿದ್ದೇನೆ.